ಹವಳದ ದಿಬ್ಬವೋ, ಮುಳುಗಿದ ಹಡಗೋ: ಫ್ಲಾರಿಡಾ ಕೀಸ್‌ನಲ್ಲಿ ಗಾಳ ಹಾಕುವವರಿಗೆ

ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯ ದ್ವೀಪಸಾಲು ಫ್ಲಾರಿಡಾ ಕೀಸ್‌ನಲ್ಲಿ ಅರ್ಧ ದಿನಕ್ಕೆ ಬೋಟು ಗೊತ್ತು ಮಾಡಲು ಹೋದರೆ ಕ್ಯಾಪ್ಟನ್ ಮೊದಲು ಕೇಳುವುದು ಇದನ್ನೇ: ರೀಫಿಗೋ, ರೆಕ್‌ಗೋ? ಅಂದರೆ ಹವಳದ ದಿಬ್ಬಕ್ಕೋ, ಮುಳುಗಿದ ಹಡಗಿಗೋ. ಎರಡಕ್ಕೂ ದೂರ ಹೆಚ್ಚುಕಡಿಮೆ ಒಂದೇ. ಕೀ ವೆಸ್ಟ್‌ನಿಂದ ವಾಂಡೆನ್‌ಬರ್ಗ್ ಹಡಗು ಮುಳುಗಿರುವ ಜಾಗ ಸುಮಾರು 7 ಮೈಲಿ. ದಿಬ್ಬದ ಅಂಚು ಅದಕ್ಕಿಂತ ಸ್ವಲ್ಪ ಈಚೆ. ಆದರೆ ಎರಡು ಕಡೆಯ ಗಾಳವೂ ಬೇರೆ ಬೇರೆ ವಿದ್ಯೆ. ನಾನು ಎರಡನ್ನೂ ಮಾಡುತ್ತಾ ಬಂದಿದ್ದೇನೆ. ನನ್ನ ಮತ ದಿಬ್ಬಕ್ಕೆ.

ದಿಬ್ಬದಲ್ಲಿ ನಾವು ಹುಡುಕುವುದು ಯೆಲ್ಲೋಟೇಲ್ ಸ್ನ್ಯಾಪರ್. ನಮ್ಮ ಕರಾವಳಿಯ ಕೆಂಬೇರಿಯ ಬಳಗದ್ದೇ ಮೀನು, ಆದರೆ ಚಿಕ್ಕದು, ಮೈಮೇಲೆ ಉದ್ದಕ್ಕೂ ಹಳದಿ ಪಟ್ಟೆ. ದಿಬ್ಬದ ಹೊರ ಅಂಚಿನಲ್ಲಿ, 50ರಿಂದ 80 ಅಡಿ ನೀರಿನಲ್ಲಿ ಬೋಟು ನಿಲ್ಲಿಸುತ್ತಾರೆ. ಬೂತಾಯಿಯ ಜಾತಿಗೆ ಸೇರಿದ ಮೆನ್‌ಹೇಡನ್ ಮೀನನ್ನು ಅರೆದು, ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸಿದ ಚಮ್ ಅನ್ನು ಬಲೆಚೀಲದಲ್ಲಿ ಹಾಕಿ ಬೋಟಿನ ಹಿಂದೆ ತೂಗುಬಿಡುತ್ತಾರೆ. ಅದು ಕರಗುತ್ತಾ ನೀರಿನ ಸೆಳೆತದ ಜೊತೆ ಹೋಗುತ್ತದೆ. ಆ ವಾಸನೆ ಹಿಡಿದು ಮೀನು ಕೆಳಗಿನಿಂದ ಮೇಲೆ ಬರುತ್ತದೆ. ಅರ್ಧ ಗಂಟೆ ಏನೂ ಕಾಣಿಸದೆ ಇರಬಹುದು. ಆಮೇಲೆ ನೋಡನೋಡುತ್ತಿದ್ದಂತೆ ಬೋಟಿನ ಹಿಂದೆ ಹಳದಿ ಬಾಲಗಳು ಮಿಂಚತೊಡಗುತ್ತವೆ.

ಇಲ್ಲಿಂದ ಕೈಚಳಕ ಶುರು. ಗಾಳಕ್ಕೆ ಸೀಸ ಕಟ್ಟುವಂತಿಲ್ಲ. ಸಿಗಡಿಯ ಒಂದು ಸಣ್ಣ ತುಂಡು, ಅದರಲ್ಲಿ ಅಡಗುವಷ್ಟು ಸಣ್ಣ ಕೊಕ್ಕೆ, ತುದಿಯಲ್ಲಿ 15 ಪೌಂಡ್ ಎಳೆತ ತಡೆಯುವ, ನೀರಲ್ಲಿ ಸುಲಭಕ್ಕೆ ಕಾಣದ ಫ್ಲೂರೋಕಾರ್ಬನ್ ದಾರ. ರೀಲಿನ ಬೇಲ್ (ದಾರ ತಡೆದು ಹಿಡಿಯುವ ತಂತಿ ಕಮಾನು) ತೆರೆದಿಟ್ಟು ಕೈಯಿಂದಲೇ ದಾರ ಎಳೆದು ಬಿಡುತ್ತಾ ಹೋಗಬೇಕು. ಚಮ್ಮಿನ ಚೂರು ಎಷ್ಟು ನಿಧಾನಕ್ಕೆ ತೇಲಿ ಹೋಗುತ್ತದೋ ನಮ್ಮ ಎರೆಯೂ ಅಷ್ಟೇ ನಿಧಾನಕ್ಕೆ ಹೋಗಬೇಕು. ದಾರ ಒಂಚೂರು ಬಿಗಿಯಾದರೂ ಎರೆ ನಿಂತುಬಿಡುತ್ತದೆ, ಮೀನು ಮುಟ್ಟುವುದಿಲ್ಲ. ಈ ಮೀನಿನ ಕಣ್ಣು ಅಷ್ಟು ಚುರುಕು. ಬೆರಳಿನಿಂದ ದಾರ ತಟ್ಟನೆ ವೇಗವಾಗಿ ಜಾರಿತೆಂದರೆ ಬಿತ್ತು ಅಂತ ಅರ್ಥ. ಬೇಲ್ ಮುಚ್ಚಿ ಸುತ್ತಿದರೆ ಸಾಕು. ನನಗೆ ಇಡೀ ಮೀನುಗಾರಿಕೆಯಲ್ಲಿ ಇದಕ್ಕಿಂತ ಸೊಗಸಾದ ಕ್ಷಣ ಇನ್ನೊಂದಿಲ್ಲ.

ದಿಬ್ಬದಲ್ಲಿ ಎಲ್ಲೆಂದರಲ್ಲಿ ಗಾಳ ಹಾಕುವಂತಿಲ್ಲ. ಮೊಲಾಸಸ್ ರೀಫ್, ಸೊಂಬ್ರೆರೋ, ಸ್ಯಾಂಡ್ ಕೀ ಮುಂತಾದ ಜಾಗಗಳ ಸುತ್ತ ಹಳದಿ ಬಣ್ಣದ ದುಂಡು ಬೋಯಗಳಿವೆ, ಅಂದರೆ ನೀರಲ್ಲಿ ತೇಲುವ ಗಡಿಗುರುತುಗಳು. ಅವುಗಳ ಒಳಗೆ ಮೀನು ಹಿಡಿಯಬಾರದು. ಲಂಗರನ್ನು ಮರಳಿನ ಮೇಲೆ ಇಳಿಸಬೇಕು, ಹವಳದ ಮೇಲಲ್ಲ. ಈ ನಿಯಮ ನನಗೆ ತುಂಬಾ ಇಷ್ಟ. 2023ರ ಬೇಸಿಗೆಯಲ್ಲಿ ನೀರು ಕಾದು ಇಲ್ಲಿನ ಹವಳ ಬೆಳ್ಳಗೆ ಬಿಳಿಚಿಕೊಂಡಿತ್ತು. ಕೊಂಬೆಯಂತೆ ಬೆಳೆಯುವ ಹವಳಗಳಂತೂ ಬಹುಪಾಲು ಸತ್ತೇಹೋದವು. ಉಳಿದಿರುವುದನ್ನು ನಮ್ಮ ಲಂಗರು ಮುರಿಯಬಾರದು ಅಲ್ವಾ?

ಇನ್ನು ಹಡಗು. ವಾಂಡೆನ್‌ಬರ್ಗ್ 520 ಅಡಿಗೂ ಉದ್ದದ ಹಳೆಯ ಮಿಲಿಟರಿ ಹಡಗು. 2009ರಲ್ಲಿ ಬೇಕೆಂದೇ ಮುಳುಗಿಸಿದರು, ಎರಡು ನಿಮಿಷದೊಳಗೆ ತಳ ಸೇರಿತು. ಕೀ ಲಾರ್ಗೋ ಕಡೆ 2002ರಲ್ಲಿ ಮುಳುಗಿಸಿದ ಸ್ಪೀಗೆಲ್ ಗ್ರೋವ್ ಹಟಮಾರಿ. ಮೊದಲು ತಲೆಕೆಳಗಾಯಿತು, ಆಮೇಲೆ ಪಕ್ಕಕ್ಕೆ ಒರಗಿಸಿದರು, ಕೊನೆಗೆ 2005ರ ಡೆನಿಸ್ ಚಂಡಮಾರುತ ಅದನ್ನು ನೆಟ್ಟಗೆ ನಿಲ್ಲಿಸಿತು. ಬರೀ ಮರಳಿನ ಬಯಲಲ್ಲಿ ಇಷ್ಟು ದೊಡ್ಡ ಕಬ್ಬಿಣ ನಿಂತರೆ ಸೆಳೆತ ಅದಕ್ಕೆ ಬಡಿದು ಸುಳಿಯುತ್ತದೆ. ಸಣ್ಣ ಮೀನು ಅಲ್ಲಿ ಆಸರೆ ಪಡೆಯುತ್ತದೆ, ದೊಡ್ಡದು ಅದರ ಹಿಂದೆಯೇ ಬರುತ್ತದೆ.

ದೊಡ್ಡದು ಅಂದರೆ ನಿಜಕ್ಕೂ ದೊಡ್ಡದು. ಆಂಬರ್‌ಜ್ಯಾಕ್ ಎಂಬ ಮೀನು 40 ಪೌಂಡ್ ತೂಗುವುದು ಇಲ್ಲಿ ವಿಶೇಷವೇ ಅಲ್ಲ. ಎರೆಯಾಗಿ ಪಿನ್‌ಫಿಶ್ ಎಂಬ ಸಣ್ಣ ಮೀನನ್ನು ಜೀವಂತ ಕಟ್ಟಿ ಕೆಳಗೆ ಬಿಟ್ಟರೆ ರಾಡು ನೀರಿಗೆ ಬಾಗುತ್ತದೆ. ಮೊದಲ ಹತ್ತು ಸೆಕೆಂಡಿನಲ್ಲೇ ತೀರ್ಮಾನ. ಆಗ ಮೀನನ್ನು ಹಡಗಿನಿಂದ ಆಚೆ ಎಳೆಯದಿದ್ದರೆ ಅದು ಒಳಗೆ ನುಗ್ಗುತ್ತದೆ, ತುಕ್ಕು ಹಿಡಿದ ಅಂಚಿಗೆ ದಾರ ಕತ್ತರಿಸುತ್ತದೆ. 50, 80 ಪೌಂಡಿನ ದಾರ ಬೇಕೇ ಬೇಕು. ಸೊಂಟಕ್ಕೆ ರಾಡಿನ ಬುಡ ಊರುವ ಬೆಲ್ಟ್ ಇಲ್ಲದೆ ಕೈ ಹಾಕಬೇಡಿ.

ಹಡಗಿನಲ್ಲಿ ಇನ್ನೂ ಇಬ್ಬರು ಕಾಯುತ್ತಿರುತ್ತಾರೆ. ಒಂದು ಗೋಲಿಯಾತ್ ಗ್ರೂಪರ್, ನಮ್ಮ ಮುರು ಮೀನಿನ ದೈತ್ಯ ನೆಂಟ. ನಾವು ಎಳೆಯುತ್ತಿರುವ ಮೀನನ್ನೇ ಇಡಿಯಾಗಿ ನುಂಗುತ್ತದೆ. ಇದು ಕಣ್ಮರೆಯಾಗುವಷ್ಟು ಕಮ್ಮಿಯಾದ ಮೇಲೆ 1990ರಲ್ಲಿ ಹಿಡಿಯುವುದನ್ನು ನಿಲ್ಲಿಸಿದರು. ಈಗ ಮತ್ತೆ ಕಾಣಸಿಗುತ್ತಿದೆ, ಸಂತೋಷದ ಮಾತು. ಇನ್ನೊಂದು ಶಾರ್ಕ್. ಅರ್ಧ ದಾರಿಯಲ್ಲಿ ಭಾರ ಹಗುರಾಗಿ ಬರೀ ತಲೆ ಮೇಲೆ ಬಂದದ್ದು ನಾನು ಸಾಕಷ್ಟು ನೋಡಿದ್ದೇನೆ.

ನನ್ನ ಮತ ದಿಬ್ಬಕ್ಕೆ ಬೀಳಲು ಮುಖ್ಯ ಕಾರಣ ಬೇರೆ. ನಾವು ವಾಪಸ್ ಬಿಡುವ ಮೀನು ಬದುಕುತ್ತದಾ ಅನ್ನುವುದು. ಪ್ರತಿ 33 ಅಡಿ ಆಳಕ್ಕೆ ಮೇಲಿನ ಗಾಳಿಯಷ್ಟೇ ಒತ್ತಡ ಮತ್ತೆ ಸೇರುತ್ತದೆ. ಹಡಗಿನ ಬುಡದಿಂದ, ಅಂದರೆ ಸುಮಾರು 140 ಅಡಿಯಿಂದ, ಮೇಲೆ ಬರುವ ಸ್ನ್ಯಾಪರ್ ಅಥವಾ ಗ್ರೂಪರಿನ ಗಾಳಿಚೀಲ ಸುಮಾರು ಐದು ಪಟ್ಟು ಹಿಗ್ಗಲು ನೋಡುತ್ತದೆ. ಹೊಟ್ಟೆ ಬಾಯಿಗೆ ಬರುತ್ತದೆ, ಕಣ್ಣು ಉಬ್ಬುತ್ತದೆ. ಸುಮ್ನೆ ನೀರಿಗೆ ಎಸೆದರೆ ತೇಲುತ್ತಲೇ ಸಾಯುತ್ತದೆ. ಭಾರ ಕಟ್ಟಿ ಆಳಕ್ಕೆ ಇಳಿಸಿ ಬಿಡುವ ಸಾಧನವನ್ನು ಇದಕ್ಕಾಗಿಯೇ ಅಟ್ಲಾಂಟಿಕ್ ಕಡೆ 2020ರಿಂದ ಕಡ್ಡಾಯ ಮಾಡಿದ್ದಾರೆ. ಅದೇ ಯೆಲ್ಲೋಟೇಲ್ ಚಮ್ಮಿಗೆ ತಾನಾಗಿಯೇ ಮೇಲೆ ಬಂದಿರುತ್ತದೆ. 12 ಇಂಚಿಗೆ ಕಮ್ಮಿ ಇದ್ದರೆ ಕೊಕ್ಕೆ ಬಿಡಿಸಿ ಬಿಡಿ, ಬಾಣದಂತೆ ಕೆಳಗೆ ಹೋಗುತ್ತದೆ.

ಊಟದ ವಿಷಯಕ್ಕೂ ದಿಬ್ಬವೇ ಮೇಲು. ಯೆಲ್ಲೋಟೇಲಿನ ಮಾಂಸ ಬಿಳಿ, ಮೆತ್ತಗೆ, ರವೆ ಹಚ್ಚಿ ಕರಿದರೆ ಅಂದೇ ಖಾಲಿ. ಆಂಬರ್‌ಜ್ಯಾಕಿನ ಬಾಲದ ಕಡೆ ಹುಳು ಜಾಸ್ತಿ, ಆ ಭಾಗ ಕತ್ತರಿಸಿ ತೆಗೆಯಬೇಕು. ದೊಡ್ಡ ಬರಾಕುಡಾ ಎಲ್ಲಿ ಸಿಕ್ಕರೂ ತಿನ್ನಬೇಡಿ. ಸಿಗ್ವಟೆರಾ ಎಂಬ ಕಾಯಿಲೆ ತರುವ ವಿಷ ಅದರಲ್ಲಿರಬಹುದು, ಎಷ್ಟು ಬೇಯಿಸಿದರೂ ಹೋಗದು.

ಹಡಗಿಗೆ ಹೋಗಲೇಬಾರದು ಅಂತಲ್ಲ. ಮಟನ್ ಸ್ನ್ಯಾಪರ್ ಎಂಬ ಮೀನು ಬೇಕಿದ್ದರೆ ಅಲ್ಲಿಗೆ ಹೋಗಬಹುದು. ಅದು ಹಡಗಿನೊಳಗೆ ಇರದೆ ಸುತ್ತಲಿನ ಮರಳಲ್ಲಿ ಸುತ್ತುತ್ತದೆ. 30 ಅಡಿ ಉದ್ದದ ಲೀಡರ್ (ಕೊಕ್ಕೆಗೆ ಸೇರುವ ತುದಿದಾರ) ಕಟ್ಟಿ, ಅಲ್ಲಿ ಎರೆ ಇಳಿಸಿದರೆ ಕಬ್ಬಿಣದ ಕಾಟವೂ ಇಲ್ಲ, ರುಚಿಯೂ ಒಳ್ಳೆಯದು. ಗ್ರೂಪರ್ ಆಸೆಯಿದ್ದರೆ ಜನವರಿಯಿಂದ ಏಪ್ರಿಲ್‌ವರೆಗೆ ಬೇಡ, ಆಗ ಅಟ್ಲಾಂಟಿಕ್ ಕಡೆ ಹಿಡಿಯುವಂತಿಲ್ಲ. ಮಕ್ಕಳಿದ್ದರೆ ಯೋಚನೆಯೇ ಬೇಡ, ದಿಬ್ಬ. ದೊಡ್ಡವರೇ ಹಡಗಿಗೆ ಹೊರಟಿದ್ದರೆ ಬುಕ್ ಮಾಡುವಾಗ ಕ್ಯಾಪ್ಟನ್ನಿಗೆ ಎರಡು ಮಾತು ಕೇಳಿ. ಮೀನನ್ನು ಆಳಕ್ಕೆ ಇಳಿಸುವ ಸಾಧನ ಕೈಗೆ ಸಿಗುವಂತೆ ಕಟ್ಟಿಟ್ಟಿರುತ್ತೀರಾ? ಶಾರ್ಕ್ ಬಂದು ಕಿತ್ತುಕೊಳ್ಳತೊಡಗಿದರೆ ಜಾಗ ಬದಲಿಸುತ್ತೀರಾ? ಎರಡಕ್ಕೂ ತಡಮಾಡದೆ ಹೌದು ಅಂದವರ ಬೋಟು ಹತ್ತಿ.