ಸಣ್ಣ ಉತ್ಪಾದಕರ ರಫ್ತಿಗೆ ಸ್ಟ್ಯಾಂಡರ್ಡ್ಸ್ ಮ್ಯಾಪ್ ಎಷ್ಟು ಉಪಯುಕ್ತ?

ಕಾಫಿಯನ್ನೋ ಹತ್ತಿಯನ್ನೋ ಹೊರದೇಶಕ್ಕೆ ಕಳಿಸಲು ಹೊರಟ ಸಣ್ಣ ಬೆಳೆಗಾರರ ಗುಂಪಿನ ಮುಂದೆ ಸಾವಯವ, ಫೇರ್‌ಟ್ರೇಡ್, ರೇನ್‌ಫಾರೆಸ್ಟ್ ಅಲಯನ್ಸ್ ಎಂದು ಹಲವು ಪ್ರಮಾಣೀಕರಣ ಮುದ್ರೆಗಳು ಸಾಲುಗಟ್ಟಿ ನಿಲ್ಲುತ್ತವೆ. ಯಾವ ಮುದ್ರೆಯನ್ನು ಯಾವ ಖರೀದಿದಾರ ಕೇಳುತ್ತಾನೆಂದು ತಿಳಿಯುವ ಮೊದಲೇ ತಪಾಸಣೆಗೆ ಹಣ ಕಟ್ಟಿ ಕೈಸುಟ್ಟುಕೊಂಡ ಗುಂಪುಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆ ಸಂಕಟ ನೋಡಿದ ಮೇಲೆಯೇ ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರದ ಸ್ಟ್ಯಾಂಡರ್ಡ್ಸ್ ಮ್ಯಾಪ್ ಎಂಬ ಉಚಿತ ಸೇವೆಯನ್ನು ಶ್ರದ್ಧೆಯಿಂದ ಬಳಸತೊಡಗಿದೆ. 1964ರಲ್ಲಿ ಆರಂಭವಾಗಿ ಜಿನೀವಾದಿಂದ ಕೆಲಸ ಮಾಡುವ ಈ ಕೇಂದ್ರ ವಿಶ್ವಸಂಸ್ಥೆ ಮತ್ತು ವಿಶ್ವ ವ್ಯಾಪಾರ ಸಂಸ್ಥೆಗಳ ಜಂಟಿ ಅಂಗ. ತಾನಾಗಿ ಯಾವ ಪ್ರಮಾಣಪತ್ರವನ್ನೂ ಮಾರದ ಕಾರಣ ಅದರ ಮಾಹಿತಿಯನ್ನು ನಂಬಿ ಮುಂದುವರಿಯಬಹುದು.

ಬೆಳೆ, ಬೆಳೆಯುವ ದೇಶ, ಮಾರುವ ದೇಶ ಇವನ್ನು ಆರಿಸಿದರೆ ಅನ್ವಯಿಸುವ ಮಾನದಂಡಗಳ ಪಟ್ಟಿ ತೆರೆದುಕೊಳ್ಳುತ್ತದೆ. ಇಲ್ಲಿರುವ ಮಾನದಂಡಗಳ ಸಂಖ್ಯೆ 300ಕ್ಕೂ ಹೆಚ್ಚು. ಆದರೆ ನನಗೆ ನಿಜಕ್ಕೂ ಬೆಲೆಯುಳ್ಳದ್ದಾಗಿ ಕಂಡದ್ದು ಎರಡು ಮಾನದಂಡಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಸೌಲಭ್ಯ. ಕೀಟನಾಶಕದ ಬಳಕೆ, ಕೂಲಿಯವರ ಕೆಲಸದ ಅವಧಿ, ನೀರಿನ ಮೂಲದ ರಕ್ಷಣೆ ಹೀಗೆ ಒಂದೊಂದು ವಿಷಯದಲ್ಲೂ ಯಾವುದು ಎಷ್ಟು ಕಟ್ಟುನಿಟ್ಟು ಎಂಬುದು ಸಾಲುಸಾಲಾಗಿ ಕಾಣುತ್ತದೆ. ಕೂಡಲೇ ಪಾಲಿಸಬೇಕಾದ ಷರತ್ತು ಯಾವುದು, ಕಾಲಾವಕಾಶ ಇರುವುದು ಯಾವುದಕ್ಕೆ ಎಂಬುದೂ ತಿಳಿಯುತ್ತದೆ. ಒಮ್ಮೆ ಸಂಘವೊಂದರ ಲೆಕ್ಕ ಬರೆಯುವಾಕೆಯೊಂದಿಗೆ ಕುಳಿತು ಈ ಸಾಲುಗಳನ್ನು ಓದುತ್ತಿದ್ದಾಗ ಆಕೆ ಸದಸ್ಯರ ನೋಟ್‌ಬುಕ್‌ಗಳನ್ನು ತಂದು ಪಕ್ಕದಲ್ಲಿಟ್ಟರು. ಗೊಬ್ಬರ ಹಾಕಿದ ದಿನ ಎಲ್ಲದರಲ್ಲೂ ಇತ್ತು, ಪ್ರಮಾಣ ಒಂದರಲ್ಲೂ ಇರಲಿಲ್ಲ. ತಪಾಸಕ ಬಂದು ಹೇಳಬೇಕಿದ್ದ ಕೊರತೆ ಒಂದು ರೂಪಾಯಿಯೂ ಖರ್ಚಾಗದೆ ಅವರಿಗೇ ಗೊತ್ತಾಯಿತು.

ಮಿತಿಗಳೂ ಇವೆ. ಇದು ಮುಖ್ಯವಾಗಿ ಸ್ವಯಂಪ್ರೇರಿತ ಮಾನದಂಡಗಳ ನಕ್ಷೆ. ಕಾನೂನಿನ ಷರತ್ತುಗಳನ್ನು ಬೇರೆಡೆ ಹುಡುಕಬೇಕು, ಮತ್ತು ಸಣ್ಣವರ ಬಾಗಿಲು ಮುಚ್ಚುವುದು ಬಹಳ ಸಲ ಕಾನೂನೇ. ಜಾರಿಯ ದಿನ ಮುಂದೂಡಲ್ಪಟ್ಟಿರುವ ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮದಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ, ಕೋಕೋ, ರಬ್ಬರ್‌ಗಳನ್ನು ಒಳಗೆ ಬಿಡುವಂತಿಲ್ಲ. ಪ್ರತಿ ತಾಕಿನ ಭೌಗೋಳಿಕ ಸ್ಥಾನ ಕೊಡಬೇಕು, ತಾಕು 4 ಹೆಕ್ಟೇರ್ ಮೀರಿದರೆ ಅದರ ಗಡಿರೇಖೆಯನ್ನೇ ಗುರುತಿಸಬೇಕು. ಅದೇ ಒಕ್ಕೂಟದ ಸಾವಯವ ನಿಯಮ 2018/848 ಅನೇಕ ರೈತರಿಗೆ ಸೇರಿ ಒಂದೇ ಪ್ರಮಾಣಪತ್ರ ಕೊಡುವ ಗುಂಪು ಪ್ರಮಾಣೀಕರಣಕ್ಕೆ 2,000 ಸದಸ್ಯರ ಮಿತಿ ಹಾಕಿರುವುದರಿಂದ ದೊಡ್ಡ ಸಹಕಾರ ಸಂಘಗಳು ತಮ್ಮನ್ನೇ ಒಡೆದುಕೊಳ್ಳಬೇಕಾಗುತ್ತದೆ. ವರ್ಷಗಟ್ಟಲೆ ಒಗ್ಗಟ್ಟಿಗಾಗಿ ದುಡಿದವರಿಗೆ ಇದು ನೋವಿನ ಮಾತು. ಸುಂಕದ ವಿವರಕ್ಕೆ ಇದೇ ಕೇಂದ್ರದ ಮಾರ್ಕೆಟ್ ಆಕ್ಸೆಸ್ ಮ್ಯಾಪ್ ಸಾಕು.

ಖರೀದಿದಾರನನ್ನು ಈ ಸೇವೆ ಹುಡುಕಿಕೊಡುವುದಿಲ್ಲ, ತಪಾಸಣೆಯ ಶುಲ್ಕವನ್ನೂ ತಗ್ಗಿಸುವುದಿಲ್ಲ. ಹೊಲದಲ್ಲಿ ದುಡಿಯುವ ರೈತನ ಕೈಗೆ ಇದನ್ನು ನೇರವಾಗಿ ಕೊಟ್ಟರೆ ಷರತ್ತುಗಳ ಭಾಷೆ ಅವರನ್ನು ಕಂಗೆಡಿಸೀತು. ಸಂಘದ ಕಾರ್ಯದರ್ಶಿ ಅಥವಾ ಒಳ ತಪಾಸಣೆ ಮಾಡುವವರು ಓದಿ, ತಮ್ಮ ಜನರ ಮಾತಿನಲ್ಲಿ ವಿವರಿಸಬೇಕು. ಅಂಥವರಿಗೆ ಇದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ, ಒಂದೇ ಷರತ್ತಿನ ಮೇಲೆ: ಮೊದಲು ಖರೀದಿದಾರನಿಗೆ ಯಾವ ಮುದ್ರೆ ಬೇಕೆಂದು ಬರಹದಲ್ಲಿ ಕೇಳಿ, ಉತ್ತರ ಬಂದ ಮೇಲೆ ನಕ್ಷೆ ತೆರೆಯಿರಿ, ಸದಸ್ಯರ ನೋಟ್‌ಬುಕ್‌ಗಳು ಪಕ್ಕದಲ್ಲೇ ಇರಲಿ.