ಬಿಸಿನೆಸ್ ಹೋಮ್‌ಪೇಜ್ ಥೀಮ್, ಎರಡು ವರ್ಷದ ಬಳಕೆಯ ನಂತರ: ಮೊದಲು ಸ್ಲೈಡರ್ ತೆಗೆಯಿರಿ

ಸಣ್ಣ ವ್ಯಾಪಾರಗಳಿಗೆಂದೇ ಮಾಡಿದ ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟುವ ತಂತ್ರಾಂಶ) ಥೀಮ್, ಅಂದರೆ ಸಿದ್ಧ ವಿನ್ಯಾಸ, ಇದು. ಎಷ್ಟು ಲೇಔಟ್, ಯಾವ ಬಣ್ಣ ಎಂಬುದೆಲ್ಲ ಡೆಮೊದಲ್ಲೇ ಸಿಗುತ್ತದೆ. ದಿನನಿತ್ಯದ ಬಳಕೆಯಲ್ಲಿ ಹೇಗೆ ಎಂಬುದಷ್ಟೇ ಇಲ್ಲಿ.

ಅತಿ ಇಷ್ಟವಾದದ್ದು ಹೆಡರ್ ಮೇಲಿನ ಒಂದು ಸಾಲಿನ ಸೂಚನಾ ಪಟ್ಟಿ. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಮೊಬೈಲಿನಲ್ಲೇ ಲಾಗಿನ್ ಆಗಿ "ಇಂದು ಸಂಜೆ 4ರವರೆಗೆ ಮಾತ್ರ" ಎಂದು ಬರೆದು ಅಪ್‌ಡೇಟ್ ಒತ್ತಿದರೆ ಮುಗಿಯಿತು. ಪುಟದ ಪ್ರತಿಯನ್ನು ಉಳಿಸಿಟ್ಟು ತೋರಿಸುವ ಕ್ಯಾಶ್ ಪ್ಲಗಿನ್ (ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇದ್ದರೆ ಹೋಮ್‌ಪೇಜಿನ ಕ್ಯಾಶ್ ಅಳಿಸಲು ಮರೆಯಬೇಡಿ, ಇಲ್ಲವಾದರೆ ಗಿರಾಕಿಗೆ ನಿನ್ನೆಯ ಸಾಲೇ ಕಾಣುತ್ತದೆ. ಮೊಬೈಲ್ ಪರದೆಯ ತಳದಲ್ಲಿ ನಿಂತೇ ಇರುವ ‘ಕರೆ ಮಾಡಿ’ ಬಟನ್ ಕೂಡ ಚೆನ್ನಾಗಿದೆ. ನಂಬರನ್ನು ದೇಶದ ಕೋಡ್ ಸಮೇತ ಹಾಕಿ, ಹೊರದೇಶದಿಂದ ಒತ್ತಿದರೂ ಕರೆ ಹೋಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಪುಟದ ನೆತ್ತಿಯಲ್ಲೇ ಆ ಸ್ಲೈಡರ್, ಅಂದರೆ ಫೋಟೊಗಳು ತಾವಾಗಿ ಒಂದಾದ ಮೇಲೊಂದು ಜಾರುವ ಪಟ್ಟಿ, ಇಟ್ಟಿದ್ದಾರೆ. ಡೆಮೊದಲ್ಲಿ ಮೂರು ಫೋಟೊ ಜಾರುವುದು ಚೆಂದ. ಆದರೆ ಅದನ್ನು ಓಡಿಸುವ ಜಾವಾಸ್ಕ್ರಿಪ್ಟ್ ಕೋಡ್ ಇಳಿದು ಓಡುವವರೆಗೆ ಮೊದಲ ಫೋಟೊ ಇದೆಯೆಂದೇ ಬ್ರೌಸರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಪುಟದ ಮೂಲ ಕೋಡ್ ಆದ ಎಚ್‌ಟಿಎಂಎಲ್‌ನಲ್ಲಿ ಅದರ ಟ್ಯಾಗೇ ಇಲ್ಲ. ಪರದೆಯ ಅತಿ ದೊಡ್ಡ ಅಂಶ ಮೂಡುವ ಸಮಯ, ಅಂದರೆ ಎಲ್‌ಸಿಪಿ, 2.5 ಸೆಕೆಂಡಿನೊಳಗೆ ಇರಬೇಕು. ಸ್ಲೈಡರ್ ಇದ್ದಷ್ಟು ದಿನ ಮೊಬೈಲ್ ಪರೀಕ್ಷೆಯಲ್ಲಿ ಒಮ್ಮೆಯೂ ಆ ಗೆರೆಯೊಳಗೆ ಬರಲಿಲ್ಲ. 2023ರ 6.3 ಆವೃತ್ತಿಯಿಂದ ವರ್ಡ್‌ಪ್ರೆಸ್ ಮೇಲ್ಭಾಗದ ದೊಡ್ಡ ಚಿತ್ರಕ್ಕೆ ತಾನಾಗಿಯೇ ಆದ್ಯತೆ ಕೊಡುತ್ತದೆ. ಸ್ಕ್ರಿಪ್ಟ್ ತಂದು ಕೂರಿಸುವ ಚಿತ್ರಕ್ಕೆ ಆ ಲಾಭವೂ ಇಲ್ಲ.

ನಿಧಾನವನ್ನಾದರೂ ಸಹಿಸಬಹುದು, ಬಟನ್ನಿನ ಕಾಟ ಸಹಿಸಲಾಗದು. ಓದಿ ಮುಗಿಸಿ ‘ದರಪಟ್ಟಿ’ಯತ್ತ ಬೆರಳು ತರುವಷ್ಟರಲ್ಲಿ ಸ್ಲೈಡ್ ಜಾರಿ, ಒತ್ತು ಮುಂದಿನ ಸ್ಲೈಡಿನ ‘ನಮ್ಮ ಬಗ್ಗೆ’ ಮೇಲೆ ಬೀಳುತ್ತದೆ. ತಾನಾಗಿ ಶುರುವಾಗಿ ಐದು ಸೆಕೆಂಡಿಗೂ ಹೆಚ್ಚು ಚಲಿಸುವುದನ್ನು ನಿಲ್ಲಿಸುವ ಸೌಲಭ್ಯ ಕೊಡಬೇಕೆಂದು ವೆಬ್ ಪುಟಗಳನ್ನು ಎಲ್ಲರೂ ಬಳಸುವಂತಿರಲು ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಇಲ್ಲಿ ನಿಲ್ಲಿಸುವ ಬಟನ್ನೇ ಇಲ್ಲ. ವ್ಯಾಪಾರದ ಪುಟದಲ್ಲಿ ಇದು ದೊಡ್ಡ ತಪ್ಪು.

ಪುಣ್ಯಕ್ಕೆ, ತೆಗೆಯುವುದು ಸುಲಭ. ಎಡಿಟರಿನಲ್ಲಿ ಸ್ಲೈಡರ್ ಬ್ಲಾಕ್ ಅಳಿಸಿ, ಆ ಜಾಗಕ್ಕೆ ಒಂದು ಫೋಟೊ, ಒಂದು ಹೆಡ್ಡಿಂಗ್, ಒಂದೇ ಬಟನ್ ಇಡಿ. ಥೀಮ್ ಜೊತೆ ಬಂದ ಸ್ಲೈಡರ್ ಪ್ಲಗಿನ್ ಅನ್ನೂ ನಿಷ್ಕ್ರಿಯಗೊಳಿಸಿ, ಇಲ್ಲದಿದ್ದರೆ ಅದರ ಸ್ಕ್ರಿಪ್ಟ್ ಸುಮ್ಮನೆ ಇಳಿಯುತ್ತಿರಬಹುದು. ಫೋಟೊ 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ (ಕಡಿಮೆ ಗಾತ್ರದ ಚಿತ್ರ ಮಾದರಿ) ಆಗಿ ಉಳಿಸಿ, 150 ಕೆಬಿ ಮೀರದಂತೆ ನೋಡಿಕೊಳ್ಳಿ. ಚಿತ್ರಗಳನ್ನು ಕಾಣುವ ಹೊತ್ತಿಗಷ್ಟೇ ಇಳಿಸುವ ಲೇಜಿ ಲೋಡ್ ಪ್ಲಗಿನ್ ಇದ್ದರೆ ಈ ಒಂದು ಚಿತ್ರಕ್ಕೆ ವಿನಾಯಿತಿ ಕೊಡಿ.

ಹೆಡ್ಡಿಂಗಿನಲ್ಲಿ ಡೆಮೊದ "ನಿಮ್ಮ ಯಶಸ್ಸೇ ನಮ್ಮ ಗುರಿ" ಎಂಬುದನ್ನು ಉಳಿಸಲೇಬೇಡಿ. ಅದು ಬ್ಯಾಂಕಿಗೂ ಒಪ್ಪುತ್ತದೆ, ಟ್ಯೂಷನ್ನಿಗೂ ಒಪ್ಪುತ್ತದೆ. "ಹೊಲಿಗೆ ಯಂತ್ರ ರಿಪೇರಿ, ಕೊಟ್ಟ ಮರುದಿನವೇ ವಾಪಸ್" ಎಂದರೆ ಬಂದವರಿಗೆ ತಕ್ಷಣ ತಿಳಿಯುತ್ತದೆ. ಆದರೆ ಇದನ್ನು ಟೈಪ್ ಮಾಡಿದೊಡನೆ ಇನ್ನೊಂದು ಕೊರತೆ ಕಣ್ಣಿಗೆ ಬೀಳುತ್ತದೆ. ಹೆಡ್ಡಿಂಗಿನ ಸಾಲಿನ ಎತ್ತರ ಅಕ್ಷರ ಗಾತ್ರದ 1.1 ಪಟ್ಟು ಇರುವುದರಿಂದ ‘ಕೊಟ್ಟ’ದ ಒತ್ತಕ್ಷರ ಕೆಳಸಾಲಿಗೆ ತಾಗುತ್ತದೆ, ಕೊನೆಯ ಸಾಲಿನಲ್ಲಿದ್ದರೆ ಅರ್ಧ ಕತ್ತರಿಸಿಯೇ ಹೋಗುತ್ತದೆ. ಇಂಗ್ಲಿಷ್ ಅಕ್ಷರ ಮಾತ್ರ ನೋಡಿ ಇಟ್ಟ ಅಳತೆ ಅದು. 1.5ಕ್ಕೆ ಏರಿಸಿದರೆ ಒತ್ತುಗಳು ನಿರಾಳವಾಗಿ ಕೂರುತ್ತವೆ. ಈ ಬದಲಾವಣೆಯನ್ನು ವಿನ್ಯಾಸದ ಕೋಡ್ ಸೇರಿಸುವ ‘ಹೆಚ್ಚುವರಿ ಸಿಎಸ್‌ಎಸ್’ ಪೆಟ್ಟಿಗೆಯಲ್ಲೇ ಬರೆಯಿರಿ. ಥೀಮ್ ಫೈಲಿನಲ್ಲಿ ಬರೆದರೆ ಮುಂದಿನ ಅಪ್‌ಡೇಟ್ ಅದನ್ನು ಒರೆಸಿಹಾಕುತ್ತದೆ.

ಐದಕ್ಕೆ ಮೂರೂವರೆ. ಲೈಸೆನ್ಸ್ ಈ ವರ್ಷವೂ ನವೀಕರಿಸಿದ್ದಾಗಿದೆ, ಮುಖ್ಯವಾಗಿ ಆ ಒಂದು ಸಾಲಿನ ಪಟ್ಟಿಗಾಗಿ.