ಅಪ್ಪನಿಗೆ ಡೇವಿಡ್ ತೋರಿಸಲಾಗಲಿಲ್ಲ: ಇಟಲಿ ಕೋಚ್ ಟೂರ್ ಬುಕ್ ಮಾಡುವವರು ದಯವಿಟ್ಟು ಓದಿ

ನಮ್ಮಪ್ಪ ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಮೈಕೆಲಾಂಜೆಲೊ ಕಡೆದ ಡೇವಿಡ್ ಮೂರ್ತಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವುದು ಅವರ ಬಹಳ ವರ್ಷದ ಆಸೆ. ಅವರಿಗೆ ಎಪ್ಪತ್ತೊಂದು ತುಂಬಿತು. ಇನ್ನು ತಡ ಮಾಡಬಾರದು ಅಂತ ಬೆಂಗಳೂರಿನ ಒಂದು ಟ್ರಾವೆಲ್ ಕಂಪನಿಯಲ್ಲಿ ಇಟಲಿ ಗ್ರೂಪ್ ಟೂರ್ ಬುಕ್ ಮಾಡಿದೆ. ಅಪ್ಪ, ಅಮ್ಮ, ನಾನು. ತಲೆಗೆ 2 ಲಕ್ಷ 60 ಸಾವಿರ. ಅವರು ಕೊಟ್ಟ ಹಾಳೆಯಲ್ಲಿ ರೋಮ್, ಅಮಾಲ್ಫಿ ಕರಾವಳಿ, ಫ್ಲಾರೆನ್ಸ್, ಪೀಸಾ, ಚಿಂಕ್ವೆ ತೆರ್ರೆ, ವೆನಿಸ್ ಎಲ್ಲಾ ಇದ್ದವು. ಎಂಟು ದಿನ, ಏಳು ರಾತ್ರಿ. ಏಳರಲ್ಲಿ ಒಂದು ರಾತ್ರಿ ವಿಮಾನದಲ್ಲೇ ಕಳೆಯುವುದು ಅಂತ ಆಮೇಲೆ ಗೊತ್ತಾಯಿತು.

ಅಪ್ಪ ಡೇವಿಡ್ ನೋಡದೇ ವಾಪಸ್ ಬಂದರು. ನಿಮ್ಮ ಮನೆಯ ಹಿರಿಯರಿಗೆ ಹೀಗಾಗಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶನಿವಾರ ರೋಮ್. ವ್ಯಾಟಿಕನ್ ಮ್ಯೂಸಿಯಂ ಒಳಗೆ ಕರೆದುಕೊಂಡು ಹೋದರು, ಅಲ್ಲಿನ ಗೈಡ್ ಕೂಡ ಚೆನ್ನಾಗಿ ವಿವರಿಸಿದರು. ಸಿಸ್ಟೀನ್ ಚಾಪೆಲ್‌ನಲ್ಲಿ ಚಾವಣಿಯ ಚಿತ್ರ ನೋಡುತ್ತಾ ಅಪ್ಪ ತಲೆ ಎತ್ತಿ ನಿಂತವರು ಕತ್ತು ನೋಯುವವರೆಗೂ ಇಳಿಸಲಿಲ್ಲ. ಅಷ್ಟು ಮಟ್ಟಿಗೆ ನನಗೆ ದೂರಿಲ್ಲ. ಆದರೆ ಕೊಲೋಸಿಯಂ ಎದುರು ಬಸ್ ಇಳಿಸಿ ಇಪ್ಪತ್ತು ನಿಮಿಷ ಕೊಟ್ಟು, 'ಫೋಟೋ ತಗೊಳ್ಳಿ, ಹೊರಡೋಣ' ಅಂದರು. ಒಳಗೆ ಹೋಗಲ್ವಾ ಅಂತ ಕೇಳಿದೆ. ಟೂರ್ ಮ್ಯಾನೇಜರ್ ಹಾಳೆ ತೆಗೆದು ತೋರಿಸಿದರು. ಅದರಲ್ಲಿ 'ಫೋಟೋ ಸ್ಟಾಪ್' ಅಂತ ಸಣ್ಣದಾಗಿ ಇತ್ತು. ಕೊಲೋಸಿಯಂ ಟಿಕೆಟ್ ಈಗ ಹೆಸರು ಹಾಕಿ, ಸಮಯ ಗೊತ್ತು ಮಾಡಿ ಕೊಡುತ್ತಾರೆ. ಅಲ್ಲಿಗೆ ಹೋದಮೇಲೆ ನಲವತ್ತು ಜನಕ್ಕೆ ಟಿಕೆಟ್ ಸಿಗುವ ಮಾತೇ ಇಲ್ಲ.

ಭಾನುವಾರ ಅಮಾಲ್ಫಿ. ಬೆಳಿಗ್ಗೆ ಆರೂವರೆಗೆ ರೋಮ್ ಬಿಟ್ಟೆವು. ನಮ್ಮ ಹೋಟೆಲ್ ಊರಿಗಿಂತ ಬಹಳ ಹೊರಗೆ, ರಿಂಗ್ ರೋಡಿನ ಆಚೆ ಇತ್ತು. ಊರೊಳಗಿನ ಟ್ರಾಫಿಕ್ ತಪ್ಪಿಸಲು ಅಂತ ಸಮಾಧಾನ ಮಾಡಿಕೊಂಡೆವು. ಸೊರೆಂಟೊ ಮುಟ್ಟಿ ಊಟ ಮುಗಿಸುವಷ್ಟರಲ್ಲಿ ಎರಡು ಗಂಟೆ. ಆಮೇಲೆ ಬೆಟ್ಟದ ಮೇಲಿನ ಒಂದು ತಿರುವಿನಲ್ಲಿ ಬಸ್ ನಿಲ್ಲಿಸಿದರು. ಕೆಳಗೆ ದೂರದಲ್ಲಿ ಪೊಸಿಟಾನೊ ಊರಿನ ಮನೆಗಳು ಕಾಣುತ್ತಿದ್ದವು. 'ಇದೇ ಅಮಾಲ್ಫಿ ಕರಾವಳಿ. ಮುಂದೆ ಪೊಲೀಸರು ಇವತ್ತು ರಸ್ತೆ ಬಂದ್ ಮಾಡಿದ್ದಾರೆ' ಅಂದರು.

ಇದು ಸುಳ್ಳು. ಆ ಕರಾವಳಿ ರಸ್ತೆ ಎಷ್ಟು ಕಿರಿದು ಅಂದರೆ, ಸುಮಾರು ಹತ್ತು ಮೀಟರ್‌ಗಿಂತ ಉದ್ದದ ಬಸ್ಸಿಗೆ ಪೊಸಿಟಾನೊದಿಂದ ಮುಂದೆ ಪ್ರವೇಶವೇ ಇಲ್ಲ. ಐವತ್ತು ಸೀಟಿನ ಕೋಚ್ ಹನ್ನೆರಡು ಮೀಟರ್ ಇರುತ್ತದೆ. ನಿಯಮ ಹಳೆಯದು, ಎಲ್ಲಾ ಟೂರ್ ಕಂಪನಿಗಳಿಗೂ ಗೊತ್ತು. ನಮ್ಮ ಡ್ರೈವರ್ ಹರಕು ಮುರುಕು ಇಂಗ್ಲಿಷಿನಲ್ಲಿ ನನಗೆ ಅದನ್ನೇ ಹೇಳಿದರು: ದೊಡ್ಡ ಬಸ್ ಅಲ್ಲಿಗೆ ಯಾವತ್ತೂ ಹೋಗಲ್ಲ. ಅಮಾಲ್ಫಿ ನೋಡಬೇಕು ಅಂದರೆ ಸಣ್ಣ ಬಸ್ ಮಾಡಬೇಕು, ಇಲ್ಲವೇ ಸೀಸನ್‌ನಲ್ಲಿ ಸೊರೆಂಟೊದಿಂದಲೋ ಸಲೆರ್ನೊದಿಂದಲೋ ಫೆರಿಯಲ್ಲಿ ಹೋಗಬೇಕು. ನಮ್ಮ ಕಂಪನಿ ಎರಡಕ್ಕೂ ದುಡ್ಡು ಹಾಕಿರಲಿಲ್ಲ.

ವಾಪಸ್ ಬರುವಾಗ ಹೈವೇ ಪಕ್ಕದಲ್ಲಿ ಡ್ರೈವರ್ ಮುಕ್ಕಾಲು ಗಂಟೆ ಬಸ್ ನಿಲ್ಲಿಸಿದರು. ಮೊದಲೇ ಬೇಜಾರಾಗಿದ್ದ ಜನ ಅವರ ಮೇಲೆ ರೇಗಿದರು. ಇದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಯುರೋಪಿನಲ್ಲಿ ಕೋಚ್ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ತಗೊಳ್ಳಲೇಬೇಕು. ದಿನಕ್ಕೆ ಒಂಬತ್ತು ಗಂಟೆ, ವಾರದಲ್ಲಿ ಎರಡು ದಿನ ಮಾತ್ರ ಹತ್ತು ಗಂಟೆ ಓಡಿಸಬಹುದು. ಬಸ್ಸಿನೊಳಗಿನ ಯಂತ್ರವೇ ಇದನ್ನೆಲ್ಲ ದಾಖಲು ಮಾಡಿಕೊಳ್ಳುತ್ತದೆ. ತಪ್ಪಿದರೆ ದಂಡ. ಈ ಗಂಟೆಗಳ ಲೆಕ್ಕ ಹಾಕದೆ ಕಾರ್ಯಕ್ರಮ ಮಾಡಿದವರು ಬೆಂಗಳೂರಿನ ಆಫೀಸಿನಲ್ಲಿ ಕೂತವರು.

ಸೋಮವಾರ ಫ್ಲಾರೆನ್ಸ್. ಅಪ್ಪ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಜೇಬಿನಲ್ಲಿ ಪೆನ್ಸಿಲ್, ಒಂದು ಸಣ್ಣ ಸ್ಕೆಚ್ ಪುಸ್ತಕ. ಬಸ್ ಊರ ಹೊರಗಿನ ಗುಡ್ಡದ ಮೇಲೆ, ಪಿಯಾತ್ಸಾಲೆ ಮೈಕೆಲಾಂಜೆಲೊ ಅನ್ನುವ ಚೌಕದಲ್ಲಿ ನಿಂತಿತು. ಕೆಳಗೆ ನದಿ, ಹಳೇ ಸೇತುವೆ, ಕೆಥೆಡ್ರಲ್‌ನ ಕೆಂಪು ಗುಮ್ಮಟ. ಚೌಕದ ನಡುವೆ ಒಂದು ದೊಡ್ಡ ಮೂರ್ತಿ. 'ಎಲ್ಲರೂ ಬನ್ನಿ, ಇದೇ ಡೇವಿಡ್' ಅಂತ ಟೂರ್ ಮ್ಯಾನೇಜರ್ ಕೂಗಿದರು.

ಅಪ್ಪ ಹತ್ತಿರ ಹೋದರು. ಹಸಿರುಗಟ್ಟಿದ ಪೀಠದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, 'ಪುಟ್ಟೀ, ಇದು ಕಂಚು ಕಣಮ್ಮ. ಅದು ಬಿಳೀ ಕಲ್ಲು' ಅಂದರು.

ನಿಜವಾದ ಡೇವಿಡ್ ಅಮೃತಶಿಲೆಯದು. 1501ರಿಂದ 1504ರ ನಡುವೆ ಒಂದೇ ಬಂಡೆಯಲ್ಲಿ ಕಡೆದದ್ದು, ಐದು ಮೀಟರ್‌ಗಿಂತ ಎತ್ತರ. ಬಿಸಿಲು ಮಳೆಗೆ ಹಾಳಾಗದಿರಲಿ ಅಂತ 1873ರಲ್ಲೇ ಅದನ್ನು ಅಕಾಡೆಮಿಯಾ ಗ್ಯಾಲರಿಯೊಳಗೆ ಸಾಗಿಸಿದರು. ಊರಿನ ನಡುವಿನ ಚೌಕದಲ್ಲಿರುವುದು ಕಲ್ಲಿನ ನಕಲು, ಗುಡ್ಡದ ಮೇಲಿರುವುದು ಕಂಚಿನ ನಕಲು. ನಾನು ಟೂರ್ ಮ್ಯಾನೇಜರ್‌ಗೆ ಅಕಾಡೆಮಿಯಾಗೆ ಯಾವಾಗ ಹೋಗೋದು ಅಂತ ಕೇಳಿದೆ. 'ಮೇಡಂ, ಇವತ್ತು ಸೋಮವಾರ, ಮುಚ್ಚಿರುತ್ತೆ. ನಾವೇನು ಮಾಡೋಕಾಗುತ್ತೆ' ಅಂದರು.

ಅಕಾಡೆಮಿಯಾ ಸೋಮವಾರ ಮುಚ್ಚಿರುತ್ತದೆ, ಅದೇ ಊರಿನ ಇನ್ನೊಂದು ದೊಡ್ಡ ಕಲಾ ಸಂಗ್ರಹಾಲಯ ಉಫೀತ್ಸಿ ಗ್ಯಾಲರಿಯೂ ಅಷ್ಟೆ. ಟೂರ್ ಹೊರಡುವ ತಾರೀಕು ಐದು ತಿಂಗಳ ಮುಂಚೆಯೇ ಗೊತ್ತಿತ್ತು. ಫ್ಲಾರೆನ್ಸ್‌ಗೆ ಯಾವ ವಾರ ಬರುತ್ತೇವೆ ಅಂತ ಕ್ಯಾಲೆಂಡರ್ ನೋಡಿದರೆ ತಿಳಿಯುತ್ತಿತ್ತು. ಅವರು ನೋಡಲಿಲ್ಲ. ನಾನೂ ನೋಡಲಿಲ್ಲ, ಅದು ನನ್ನ ತಪ್ಪು. ಬೇಲೂರಿಗೆ ಕರೆದುಕೊಂಡು ಹೋಗಿ ಗೋಪುರದ ಎದುರು ಫೋಟೋ ತೆಗೆಸಿ, ಶಿಲಾಬಾಲಿಕೆ ತೋರಿಸದೆ ವಾಪಸ್ ಹೊರಡಿಸಿದರೆ ಹೇಗಿರುತ್ತೆ ಹೇಳಿ? ನಲವತ್ತು ನಿಮಿಷಕ್ಕೆ ಬಸ್ ಹೊರಟಿತು. ಅಪ್ಪ ಪುಸ್ತಕವನ್ನು ಜೇಬಿನಿಂದ ತೆಗೆಯಲೇ ಇಲ್ಲ. ಅಮ್ಮ ಮಾತ್ರ ಅವರ ಕೈ ಹಿಡಿದುಕೊಂಡು ಕೂತಿದ್ದರು.

ನನ್ನನ್ನು ಇವತ್ತಿಗೂ ಕೊರೆಯುವುದು ಇನ್ನೊಂದು. ರೋಮ್‌ನಿಂದ ಫ್ಲಾರೆನ್ಸ್‌ಗೆ ಹೈಸ್ಪೀಡ್ ರೈಲಿನಲ್ಲಿ ಒಂದೂವರೆ ಗಂಟೆ ದಾರಿ. ಮೊದಲೇ ಗೊತ್ತಿದ್ದು ಮ್ಯೂಸಿಯಂ ವೆಬ್‌ಸೈಟಿನಲ್ಲಿ ಟಿಕೆಟ್ ಮಾಡಿಟ್ಟಿದ್ದರೆ, ಭಾನುವಾರ ಅಮಾಲ್ಫಿ ಬಿಟ್ಟು ಅಪ್ಪನನ್ನು ಕರೆದೊಯ್ದು ಸಂಜೆಗೆ ವಾಪಸ್ ಬರಬಹುದಿತ್ತು.

ಮುಂದಿನದು ಚುಟುಕಾಗಿ ಹೇಳುತ್ತೇನೆ. ಪೀಸಾ ಗೋಪುರ ಸಂಜೆ ಮುಟ್ಟಿದೆವು, ನೋಡಿದೆವು. ಚಿಂಕ್ವೆ ತೆರ್ರೆ ಅಂದರೆ ಸಮುದ್ರದ ಬಂಡೆಗಳಿಗೆ ಅಂಟಿಕೊಂಡ ಐದು ಊರು. ಕೋಚ್ ಲಾ ಸ್ಪೆಝಿಯಾವರೆಗೆ ಮಾತ್ರ, ಮುಂದೆ ರೈಲು. ಆ ರೈಲಿನ ದುಡ್ಡು ನಾವೇ ಕೊಡಬೇಕು ಅಂತ ಅಲ್ಲಿ ಹೇಳಿದರು. ಅಮ್ಮನಿಗೆ ಮಂಡಿನೋವು, ಇಳಿಸಿದ್ದು ಮೆಟ್ಟಿಲೇ ಜಾಸ್ತಿ ಇರುವ ರಿಯೋಮಜ್ಜೋರೆಯಲ್ಲಿ. ಸ್ಟೇಷನ್ ಬೆಂಚಿನ ಮೇಲೆ ಕೂತೇ ಕಾದರು. ಹಿರಿಯರಿದ್ದರೆ ಮೊಂತೆರೊಸ್ಸೊಗೆ ಕರೆದೊಯ್ಯಿರಿ ಅಂತ ಕೇಳಿ, ಐದರಲ್ಲಿ ಹೆಚ್ಚು ಸಮತಟ್ಟಾಗಿರುವುದು ಅದೇ. ವೆನಿಸ್‌ನಲ್ಲಿ ಗೊಂಡೊಲಾಗೆ ತಲೆಗೆ 40 ಯೂರೋ ವಸೂಲಿ ಮಾಡಿ ಐದೈದು ಜನರನ್ನು ಕೂರಿಸಿದರು. ಅಲ್ಲಿನ ಗೊತ್ತಾದ ದರ ಹಗಲಲ್ಲಿ ಅರ್ಧ ಗಂಟೆಗೆ ಇಡೀ ದೋಣಿಗೆ 90 ಯೂರೋ, ಐದು ಜನ ಕೂರಬಹುದು. ಲೆಕ್ಕ ನೀವೇ ಹಾಕಿ. ಹೋಟೆಲ್‌ಗಳಲ್ಲಿ ಊರಿನ ತೆರಿಗೆ ಅಂತ ತಲೆಗೆ, ರಾತ್ರಿಗೆ ಇಷ್ಟು ಅಂತ ಬೇರೆ ಕೊಡಬೇಕು. ಅದು ನಿಜವಾದ ತೆರಿಗೆಯೇ, ಮೋಸವಲ್ಲ, ಆದರೆ ಪ್ಯಾಕೇಜಿನಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿ.

ಇನ್ನು ಬುಕ್ ಮಾಡುವವರಿಗೆ. ಹಾಳೆಯಲ್ಲಿ ಊರಿನ ಹೆಸರು ನೋಡಿ ಖುಷಿಪಡಬೇಡಿ, ಹೆಸರಿನ ಪಕ್ಕದ ಪದ ನೋಡಿ. 'ಫೋಟೋ ಸ್ಟಾಪ್', 'ಪನೋರಮಿಕ್ ಟೂರ್', 'ಓರಿಯಂಟೇಶನ್' ಅಂತಿದ್ದರೆ ಹೊರಗಿನಿಂದ ನೋಡುವುದು ಅಂತಲೇ ಅರ್ಥ. ಟಿಕೆಟ್ ಸಮೇತ ಒಳಗೆ ಪ್ರವೇಶ ಅಂತ ಬರೆದಿರಬೇಕು. ಪ್ರತಿ ಊರಲ್ಲಿ ಎಷ್ಟು ಗಂಟೆ, ಅವತ್ತು ಯಾವ ವಾರ, ಹೋಟೆಲ್ ಹೆಸರೇನು, ಊರಿನ ನಡುವಿನಿಂದ ಎಷ್ಟು ಕಿಲೋಮೀಟರ್ ಅಂತ ಕೇಳಿ. ಫೋನಿನಲ್ಲಿ ಹೇಳಿದ್ದನ್ನೆಲ್ಲ ಇಮೇಲ್‌ನಲ್ಲಿ ಬರೆಸಿಕೊಳ್ಳಿ. 'ಡೇವಿಡ್ ಖಂಡಿತ ತೋರಿಸ್ತೀವಿ' ಅಂತ ನನಗೆ ಹೇಳಿದ್ದು ಬರೀ ಬಾಯಿಮಾತಿನಲ್ಲಿ.

ಕಂಪನಿ ಮೊದಲು ಮುಂದಿನ ಟೂರಿಗೆ ಐದು ಸಾವಿರದ ಡಿಸ್ಕೌಂಟ್ ಕೂಪನ್ ಕಳಿಸಿತು. ನಾನು ಬೇಡ ಅಂದೆ. 1915ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದೆ. ಅಲ್ಲಿ ಬಗೆಹರಿಯದೆ ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ದೇನೆ. ನೀವಿರುವ ಜಿಲ್ಲೆಯಲ್ಲೇ ಹಾಕಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನಮ್ಮದು ಅದಕ್ಕಿಂತ ಜಾಸ್ತಿ ಇದ್ದಿದ್ದರಿಂದ 200 ರೂಪಾಯಿ ಆಯಿತು. ಎರಡು ವರ್ಷದೊಳಗೆ ದೂರು ಕೊಡಬೇಕು.

ಕಳೆದ ಮೇ ತಿಂಗಳ ಆ ಬಸ್ಸಿನಲ್ಲಿ ನಮ್ಮ ಜೊತೆ ಇದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಂದು ಸಹಾಯ ಮಾಡಿ. ಹೊರಡುವ ಹಿಂದಿನ ವಾರ ಟೂರ್ ಗ್ರೂಪಿನಲ್ಲಿ ಡೇವಿಡ್ ಫೋಟೋ ಹಾಕಿ ಒಂದು ವಾಟ್ಸಾಪ್ ಮೆಸೇಜ್ ಕಳಿಸಿದ್ದರು. ಅದರಲ್ಲಿದ್ದದ್ದು ಗ್ಯಾಲರಿಯೊಳಗಿನ ಬಿಳೀ ಕಲ್ಲಿನ ಮೂರ್ತಿ. ನನ್ನ ಫೋನ್ ಹಾಳಾಗಿ ಅದು ಹೋಯಿತು. ನಿಮ್ಮ ಬಳಿ ಇದ್ದರೆ ಸ್ಕ್ರೀನ್‌ಶಾಟ್ ಕಳಿಸಿ, ಮುಂದಿನ ವಿಚಾರಣೆಗೆ ಅದು ಬೇಕು.